ಎರಡು ಚೀಟಿ ಬರೆದ ರಾತ್ರಿ

ಮದುವೆಯಾದ ಮೊದಲ ಎರಡು ವರ್ಷ ಮಗುವಿನ ಮಾತು ಬಂದಾಗೆಲ್ಲ ನಾವಿಬ್ಬರೂ "ನೋಡೋಣ" ಅನ್ನುತ್ತಿದ್ದೆವು. ಯಾರಾದರೂ "ಏನಾದ್ರೂ ವಿಶೇಷ ಇದೆಯಾ?" ಅಂತ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದೆವು. ಕಾಂಡೋಮ್ ಬಳಸುತ್ತಿದ್ದೆವು, ಆದರೆ ಪ್ರತಿ ಸಲ ಅಲ್ಲ. ಒಂದು ತಿಂಗಳು ಮುಟ್ಟು ಒಂಬತ್ತು ದಿನ ತಡವಾಯಿತು. ಆ ಒಂಬತ್ತು ದಿನವೂ ನನಗೆ ನಿದ್ದೆ ಇಲ್ಲ, ಇವರಿಗೋ ಒಳಗೊಳಗೇ ಖುಷಿ. ಟೆಸ್ಟ್ ಮಾಡಿದರೆ ಏನೂ ಇರಲಿಲ್ಲ. ನನಗೆ ಸಮಾಧಾನ ಆಯಿತು, ಇವರ ಮುಖ ಬಾಡಿತು. ಒಂದೇ ಮನೆಯಲ್ಲಿದ್ದುಕೊಂಡು ಇಷ್ಟು ದೊಡ್ಡ ವಿಷಯದಲ್ಲಿ ಇಬ್ಬರ ಆಸೆ ಬೇರೆ ಬೇರೆ ಅಂತ ಗೊತ್ತಾಗಿದ್ದು ಅವತ್ತೇ.

ಆ ರಾತ್ರಿ ಇಬ್ಬರೂ ಒಂದೊಂದು ಚೀಟಿ ಬರೆದೆವು. ಮಗು ಬೇಕಾ, ಬೇಕಾದರೆ ಯಾವಾಗ, ಎಷ್ಟು, ಯಾವುದಕ್ಕೆ ಭಯ. ಒಬ್ಬರ ಚೀಟಿ ಇನ್ನೊಬ್ಬರು ನೋಡದೆ ಬರೆಯಬೇಕು. ಇದು ಮುಖ್ಯ, ಯಾಕಂದರೆ ಎದುರಿಗೆ ಕೂತು ಕೇಳಿದರೆ ನಾನು ಇವರ ಮುಖ ನೋಡಿಕೊಂಡೇ ಉತ್ತರ ಕೊಡುತ್ತೇನೆ. ಇವರು "ಮುಂದಿನ ವರ್ಷ, ಎರಡು" ಅಂತ ಬರೆದಿದ್ದರು. ನನ್ನದು "ಮೂರು ವರ್ಷ ಆದಮೇಲೆ, ಒಂದು". ಭಯದ ಕಡೆ ನಾನು "ಕೆಲಸ ಬಿಡಬೇಕಾಗುತ್ತೆ" ಅಂತ ಬರೆದಿದ್ದೆ. ಜಗಳ ಆಯಿತು, ಅಳುವೂ ಆಯಿತು. ಎರಡು ವಾರ ಬಿಟ್ಟು ಮತ್ತೆ ಕೂತಾಗ ವರ್ಷದ ಲೆಕ್ಕ ಬಿಟ್ಟು ಆ ಭಯದ ಬಗ್ಗೆಯೇ ಮಾತಾಡಿದೆವು. ಯಾರು ಎಷ್ಟು ರಜೆ ಹಾಕೋದು, ರಾತ್ರಿ ಯಾರು ಏಳೋದು ಅಂತ ತೀರ್ಮಾನ ಆದಮೇಲೆ ನನ್ನ ಮೂರು ವರ್ಷ ತಾನಾಗೇ ಎರಡಾಯಿತು.

ಡಾಕ್ಟರ್ ಹತ್ತಿರ ಇಬ್ಬರೂ ಹೋದೆವು. ಪ್ರತಿ ಸಲ ಸರಿಯಾಗಿ ಬಳಸಿದರೆ ಕಾಂಡೋಮ್ ನಂಬಿದ 100 ಜೋಡಿಗಳಲ್ಲಿ ವರ್ಷಕ್ಕೆ 2 ಕಡೆ ಬಸಿರು ನಿಲ್ಲಬಹುದಂತೆ. ಜನ ನಿಜವಾಗಿ ಬಳಸೋ ರೀತಿಯಲ್ಲಿ ಅದು 13. ನಾವು ಯಾವ ಗುಂಪಿನವರು ಅಂತ ಇಬ್ಬರಿಗೂ ಗೊತ್ತಿತ್ತು. ಬಿಪಿ ನೋಡಿ, ಮೈಗ್ರೇನ್ ಇದೆಯಾ, ಸಿಗರೇಟ್ ಸೇದ್ತೀರಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತಾ ಅಂತೆಲ್ಲ ಕೇಳಿದ ಮೇಲೇ ಮಾತ್ರೆ ಬರೆದುಕೊಟ್ಟರು. ಗೆಳತಿಯ ಮಾತ್ರೆ ಕೇಳಿ ತಂದು ನುಂಗೋದು ಯಾಕೆ ತಪ್ಪು ಅಂತ ಆಗ ಅರ್ಥವಾಯಿತು. ಮಾತ್ರೆ ನುಂಗೋಳು ನಾನಾದರೂ ಅಲಾರಂ ಇವರ ಫೋನಿನಲ್ಲಿ ಇಟ್ಟೆವು. ನೆನಪಿಟ್ಟುಕೊಳ್ಳೋ ಭಾರವೂ ನನ್ನ ಮೇಲೇ ಬೀಳಬಾರದು, ಅಲ್ವಾ?

ಹೆರಿಗೆ ಆದಮೇಲೆ ಮುಟ್ಟು ಶುರುವಾಗಿಲ್ಲ, ಹಾಗಾಗಿ ಏನೂ ಬೇಡ ಅಂದುಕೊಂಡಿದ್ದೆ. ನರ್ಸ್ ತಿಳಿಸಿ ಹೇಳಿದರು: ಮೊದಲ ಮುಟ್ಟಿಗಿಂತ ಮುಂಚೆಯೇ ಅಂಡ ಬಿಡುಗಡೆ ಆಗಬಹುದು. ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲು ರಾತ್ರಿ ಬರೀ ಎದೆಹಾಲೇ ಕೊಡುತ್ತಿರಬೇಕು, ಮುಟ್ಟು ಬಂದಿರಬಾರದು, ಈ ಮೂರೂ ಇದ್ದರೆ ಮಾತ್ರ ಎದೆಹಾಲನ್ನು ನಂಬಬಹುದು. ನನ್ನ ಮಗುವಿಗೆ ಮೇಲಿನ ಹಾಲೂ ಕೊಡುತ್ತಿದ್ದೆವು. ಹಾಗಾಗಿ ಬಸಿರು ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಚಿಕ್ಕ ಸಾಧನ, ಕಾಪರ್ ಟಿ ಹಾಕಿಸಿಕೊಂಡೆ. ಮೊದಲ ಕೆಲವು ತಿಂಗಳು ರಕ್ತಸ್ರಾವ ಜಾಸ್ತಿ, ಹೊಟ್ಟೆ ಹಿಂಡುವಷ್ಟು ನೋವು. "ನಿನ್ನ ಮೈ, ತೆಗೆಸಬೇಕು ಅನ್ನಿಸಿದರೆ ಇವತ್ತೇ ತೆಗೆಸು" ಅಂದರು ಇವರು. ಆ ಮಾತು ಇದ್ದದ್ದಕ್ಕೇ ನನಗೆ ಇನ್ನಷ್ಟು ದಿನ ಕಾಯೋಣ ಅನ್ನಿಸಿತು. ಆಮೇಲೆ ಸರಿಹೋಯಿತು.

ಮಗುವಿಗೆ ಮೂರು ತುಂಬಿದಾಗ ಮತ್ತೆ ಚೀಟಿ ಬರೆದೆವು. ಈ ಸಲ ಇನ್ನೊಂದು ಬೇಕು ಅಂದವಳು ನಾನು, ಒಂದೇ ಸಾಕು ಅಂದವರು ಇವರು! ಹಳೇ ಚೀಟಿ ತೋರಿಸಿ ವಾದ ಮಾಡಲಿಲ್ಲ. ಮನಸ್ಸು ಬದಲಾಗುತ್ತೆ. ಒಂದು ವರ್ಷ ಹಾಗೇ ಬಿಟ್ಟೆವು. ಕೊನೆಗೆ ಇವರೇ ಒಪ್ಪಿ ಬಂದ ಮೇಲೆ ಕಾಪರ್ ಟಿ ತೆಗೆಸಿದೆ.

ಎರಡನೇ ಮಗು ಆದಮೇಲೆ ಆಪರೇಷನ್ ಯಾರಿಗೆ ಅನ್ನೋ ಮಾತು ಬಂತು. ಹೆಣ್ಣಿಗಾದರೆ ಹೊಟ್ಟೆಯೊಳಗೆ ಹೋಗಬೇಕು, ಗಂಡಿಗೆ ಆ ಜಾಗ ಮಾತ್ರ ಮರಗಟ್ಟಿಸಿ ಮಾಡುವ ಚಿಕ್ಕ ಕೆಲಸ. ಇವರು ಅವತ್ತೇ ಮನೆಗೆ ನಡೆದುಕೊಂಡು ಬಂದರು. ಆದರೆ ಒಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ: ಆಪರೇಷನ್ ಆದ ತಕ್ಷಣ ಅದು ಕೆಲಸ ಮಾಡಲ್ಲ. ಸುಮಾರು 3 ತಿಂಗಳು ಬೇರೆ ವಿಧಾನ ಬೇಕೇ ಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಆ ಪರೀಕ್ಷೆಗೂ ಇಬ್ಬರೂ ಒಟ್ಟಿಗೇ ಹೋದೆವು. ವೀರ್ಯಾಣು ಇಲ್ಲ ಅಂತ ರಿಪೋರ್ಟ್ ಕೈಗೆ ಬಂದ ದಿನವೇ ಕಾಂಡೋಮ್ ಬಿಟ್ಟಿದ್ದು.