ಮನೆ ಸಾಲದ ಕಂತು ತಪ್ಪಿದಾಗ ಮಾಡಬೇಕಾದದ್ದು

ಮಂಡ್ಯದಲ್ಲಿ ಕಬ್ಬಿನ ಬಿಲ್ಲು ತಡವಾದರೂ, ಮೈಸೂರಿನಲ್ಲಿ ಕಾರ್ಖಾನೆಯ ಸಂಬಳ ನಿಂತರೂ, ಮನೆ ಸಾಲದ ಕಂತು ಮಾತ್ರ ತನ್ನ ತಾರೀಖಿಗೆ ಬಂದು ನಿಲ್ಲುತ್ತದೆ. ಒಂದು ಕಂತು ತಪ್ಪಿದ ಮಾತ್ರಕ್ಕೆ ಮನೆ ಕೈಬಿಟ್ಟು ಹೋಗುವುದಿಲ್ಲ. ದಂಡ ಶುಲ್ಕ ಬೀಳುತ್ತದೆ, ಸಾಲ ತೀರಿಸುವ ಶಿಸ್ತನ್ನು ತೋರಿಸುವ ಸಿಬಿಲ್ ಅಂಕ ಇಳಿಯುತ್ತದೆ. ಸಾಲಕ್ಕೆ ಜೊತೆಯಾಗಿ ಸಹಿ ಹಾಕಿದ ಮಡದಿಯ ಅಥವಾ ಮಗನ ಅಂಕವೂ ಇಳಿಯುತ್ತದೆ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲವೆಂದು ಗುರುತಿಸಿದ ಖಾತೆ, ಆಗುತ್ತದೆ. ಆಮೇಲೆ ಒಂದೆರಡು ಕಂತು ಕಟ್ಟಿದರೆ ಸಾಲದು, ಬಾಕಿಯೆಲ್ಲ ತೀರಿದರಷ್ಟೇ ಖಾತೆ ಮೊದಲಿನ ಸ್ಥಿತಿಗೆ ಬರುತ್ತದೆ.

ಆದ್ದರಿಂದ ಮೊದಲ ಕಂತು ತಪ್ಪಿದ ವಾರದಲ್ಲೇ ಶಾಖೆಗೆ ಹೋಗಿ, ಕಾರಣ ವಿವರಿಸಿ ಅವಧಿ ವಿಸ್ತರಣೆ ಕೋರುವ ಅರ್ಜಿ ಕೊಟ್ಟು, ನಕಲಿನ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಬಾಯಿಮಾತಿನ ಭರವಸೆ ಮ್ಯಾನೇಜರರಿಗೆ ವರ್ಗವಾದ ದಿನವೇ ಮುಗಿಯುತ್ತದೆ.

ಎನ್‌ಪಿಎ ಆದ ಮೇಲೆ, ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನಂತೆ, 60 ದಿನಗಳ ಗಡುವಿನ ನೋಟಿಸು ಬರುತ್ತದೆ. ಅಂಚೆಯವರು ತಂದ ರಿಜಿಸ್ಟರ್ಡ್ ಲಕೋಟೆಯನ್ನು, ಒಳಗಿದ್ದುಕೊಂಡೇ "ಯಜಮಾನರು ಊರಲ್ಲಿಲ್ಲ" ಎಂದು ಹೇಳಿಸಿ ಹಿಂದಿರುಗಿಸುವ ಜಾಣತನ ನಮ್ಮ ಕಡೆ ಅಪರೂಪವೇನಲ್ಲ. ಅದೇ ನೋಟಿಸನ್ನು ಬಾಗಿಲಿಗೆ ಅಂಟಿಸಿ ಪತ್ರಿಕೆಯಲ್ಲಿ ಪ್ರಕಟಿಸಲು ನಿಯಮದಲ್ಲಿ ಅವಕಾಶವಿರುವುದರಿಂದ, ಬೀದಿಗೆಲ್ಲ ಸುದ್ದಿಯಾಗುವುದೊಂದೇ ಅದರ ಫಲ. ಲಕೋಟೆ ಪಡೆದು, ತಲುಪಿದ ದಿನಾಂಕವನ್ನು ಅದರ ಮೇಲೆಯೇ ಬರೆದು, ಬಾಕಿಯ ಲೆಕ್ಕವನ್ನು ಸಾಲದ ಖಾತೆಯ ವಿವರದೊಂದಿಗೆ ತಾಳೆ ನೋಡಬೇಕು. ತಪ್ಪು ಕಂಡರೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಅದನ್ನು ಒಪ್ಪದಿದ್ದರೆ ಬ್ಯಾಂಕು 15 ದಿನಗಳೊಳಗೆ ಕಾರಣ ತಿಳಿಸಬೇಕಾಗುತ್ತದೆ.

ಗಡುವು ಮುಗಿದ ಮೇಲೆ ಬ್ಯಾಂಕು ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಅದರ ವಿರುದ್ಧ 45 ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕೇ ಹೊರತು, ಊರಿನ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತಂದುಕೊಡುತ್ತೇನೆನ್ನುವ ಮಧ್ಯವರ್ತಿಗೆ ಹಣ ಕೊಡಬಾರದು. ಇಂಥ ಪ್ರಕರಣ ಸಾಮಾನ್ಯವಾಗಿ ಆ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ನಿಜ. ಆದರೆ ಭೂಪರಿವರ್ತನೆಯಾದ ನಿವೇಶನದ ಮನೆಗೆ ಆ ರಕ್ಷಣೆಯನ್ನು ನೆಚ್ಚಿಕೊಳ್ಳಲಾಗದು.

ಸಾಲ ತೀರಿಸುವ ದಾರಿಯೇ ಕಾಣದಿದ್ದರೆ, ಹರಾಜಿನ ಪ್ರಕಟಣೆಗೆ ಮೊದಲೇ ಬ್ಯಾಂಕಿನ ಒಪ್ಪಿಗೆ ಪಡೆದು ಮನೆಯನ್ನು ತಾವೇ ಮಾರುವುದು ಲೇಸೆಂದು ನನ್ನ ಅಭಿಪ್ರಾಯ. ಏಕೆಂದರೆ 2016ರ ತಿದ್ದುಪಡಿಯ ನಂತರ, ಬಾಕಿಯನ್ನೂ ಖರ್ಚನ್ನೂ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಆ ಪ್ರಕಟಣೆಯವರೆಗೆ ಮಾತ್ರ ಉಳಿದಿದೆ. ಹರಾಜಿನಲ್ಲಿ ಹೆಚ್ಚು ಬಂದರೆ ಮಿಕ್ಕ ಹಣ ಮಾಲೀಕರಿಗೆ ಸಲ್ಲಬೇಕು. ಕಡಿಮೆ ಬಂದರೆ ಉಳಿಕೆಯನ್ನು ಜಾಮೀನು ನಿಂತವರಿಂದಲೂ ಕೇಳುತ್ತಾರೆ.