ಬಕೆಟ್‌ನಲ್ಲಿ ಕರಗಿಸಿದ ಕೇಂಬ್ರಿಯನ್ ಕಲ್ಲು: ನನ್ನ ಅನುಭವ

ನಾನು ಕರಗಿಸಿದ ಕಲ್ಲು ಡೆಹ್ರಾಡೂನ್ ಹತ್ತಿರದ ಮಾಲ್‌ದೇವ್ತಾದ್ದು. ಹಿಂದೆ ಫಾಸ್ಫೇಟ್ ಗಣಿ ಇದ್ದ ಜಾಗ. ಅಲ್ಲಿನ ತಾಲ್ ಎಂಬ ಕಲ್ಲುಪದರಗಳ ಬುಡದಲ್ಲಿ, ಕೇಂಬ್ರಿಯನ್ ಎಂಬ ಪ್ರಾಚೀನ ಭೂಯುಗದ ಆರಂಭದ ಸಣ್ಣ ಚಿಪ್ಪುಗಳ ಪಳೆಯುಳಿಕೆಗಳಿವೆ ಎಂದು 1980ರ ದಶಕದಲ್ಲೇ ಗೊತ್ತಾಗಿತ್ತು. ನಮ್ಮ ಕಲಾದಗಿಯ ಸುಣ್ಣದಕಲ್ಲಿನಲ್ಲಿ ಇವನ್ನು ಹುಡುಕಿ ಪ್ರಯೋಜನವಿಲ್ಲ, ಅದು ತುಂಬಾ ಹಳೆಯದು.

ಕೆಲಸ ಸರಳ, ಆದರೆ ನಿಧಾನ. ಕಲ್ಲನ್ನು ಒಂದೆರಡು ಇಂಚಿನ ಚೂರು ಮಾಡಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಜಾಲರಿಯ ಮೇಲಿಟ್ಟು, ಸುಮಾರು 10% ಅಸಿಟಿಕ್ ಆಮ್ಲ ತುಂಬಿದೆ. ವಿನೆಗರ್‌ನಲ್ಲಿರುವ ಆಮ್ಲವೇ, ಪ್ರಮಾಣ ಸ್ವಲ್ಪ ಜಾಸ್ತಿ. ಕಲ್ಲಿನ ಕಾರ್ಬೊನೇಟ್, ಅಂದರೆ ಸುಣ್ಣದ ಅಂಶ, ಗುಳ್ಳೆಯೆದ್ದು ಕರಗುತ್ತದೆ, ಫಾಸ್ಫೇಟ್ ರೂಪದ ಪಳೆಯುಳಿಕೆ ಉಳಿಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬೇಗ ಆಗುತ್ತದಲ್ವಾ ಎಂದು ಕೇಳುತ್ತಾರೆ. ಆಗುತ್ತದೆ, ಜೊತೆಗೆ ಪಳೆಯುಳಿಕೆಯೂ ಹೋಗುತ್ತದೆ. ಹೊಸ ಆಮ್ಲಕ್ಕೆ ಬಳಸಿದ ಹಳೆಯ ಆಮ್ಲವನ್ನೂ ಬೆರೆಸಬೇಕು. ಅದರಲ್ಲಿರುವ ಕ್ಯಾಲ್ಸಿಯಂ ಅಸಿಟೇಟ್ ಫಾಸ್ಫೇಟನ್ನು ಕಾಪಾಡುತ್ತದೆ. ಹೊಗೆ ಕಣ್ಣು ಉರಿಸುತ್ತದೆ, ಬಾಗಿಲು ಮುಚ್ಚಿಕೊಂಡು ಮಾಡುವ ಕೆಲಸವಲ್ಲ.

ತಳದಲ್ಲಿ ಕೂತ ಮರಳನ್ನು ಸಣ್ಣ ಜರಡಿಯಲ್ಲಿ ತೊಳೆದು, ಒಣಗಿಸಿ, ಮೈಕ್ರೋಸ್ಕೋಪ್ ಕೆಳಗೆ ಹರಡಿದೆ. ಆಮೇಲೆ ಒದ್ದೆ ಬ್ರಷ್ಷಿನ ತುದಿಯಲ್ಲಿ ಒಂದೊಂದೇ ಕಣ ಎತ್ತುವುದು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಮುಕ್ಕಾಲು ಪಾಲು ಸುಮ್ನೆ ಚೂರು. ನಡುವೆ ಅನಾಬರೈಟಿಸ್ ಎಂಬ ಪಳೆಯುಳಿಕೆ ಸಿಗುತ್ತದೆ: ಪುಟ್ಟ ಕೊಳವೆ, ಉದ್ದಕ್ಕೂ ಮೂರು ಗೀರು. ಪ್ರೊಟೊಹರ್ಟ್‌ಜಿನಾ ಅಂತೂ ಬಾಗಿದ ಮುಳ್ಳು. ಇಂದಿನ ಆ್ಯರೋ ವರ್ಮ್ ಎಂಬ ಕಡಲಹುಳು ಬೇಟೆ ಹಿಡಿಯುವ ಮುಳ್ಳನ್ನೇ ಹೋಲುತ್ತದೆ.

ಕೇಂಬ್ರಿಯನ್ ಶುರುವಾಗಿದ್ದು ಸುಮಾರು 53.9 ಕೋಟಿ ವರ್ಷಗಳ ಹಿಂದೆ. ಟ್ರೈಲೋಬೈಟ್‌ಗಳು, ಅಂದರೆ ಗಟ್ಟಿ ಕವಚದ, ಈಗ ಅಳಿದುಹೋದ ಕಡಲಪ್ರಾಣಿಗಳು, ಸಿಗುವುದು ಸುಮಾರು 52.1 ಕೋಟಿಯಿಂದ ಈಚೆಗೆ. ತಾಲ್ ಪದರಗಳಲ್ಲೂ ಅವು ಇರುವುದು ಈ ಚಿಪ್ಪುಗಳಿಗಿಂತ ಮೇಲೆ. ಬರಿಗಣ್ಣಲ್ಲಿ ಹುಡುಕುವವರಿಗೆ ಮೊದಲು ಕಾಣುವುದು ಟ್ರೈಲೋಬೈಟೇ. ಅವು ಏಕಾಏಕಿ ಬಂದಂತೆ ಕಂಡದ್ದು 1859ರಲ್ಲಿ, ಜೀವಿಗಳು ನಿಧಾನವಾಗಿ ಬದಲಾಗುತ್ತವೆ ಎಂದ ಡಾರ್ವಿನ್‌ಗೂ ತಲೆನೋವಾಗಿತ್ತು.

ಆದರೆ ನನ್ನ ಜರಡಿಯನ್ನೂ ಪೂರ್ತಿ ನಂಬಬೇಡಿ. ನನಗೆ ಸಿಕ್ಕ ಕೊಳವೆಗಳಲ್ಲಿ ಹೆಚ್ಚಿನವು ನಿಜವಾದ ಚಿಪ್ಪಲ್ಲ, ಒಳಗೆ ಫಾಸ್ಫೇಟ್ ತುಂಬಿ ಆದ ಅಚ್ಚು. ಫಾಸ್ಫೇಟ್ ಕಟ್ಟದ ಕಡಲತಳದಲ್ಲಿ ಇದೇ ಪ್ರಾಣಿ ಸತ್ತಿದ್ದರೆ ಅದರ ಸುಣ್ಣದ ಚಿಪ್ಪು ನನ್ನ ಬಕೆಟ್‌ನ ಆಮ್ಲದಲ್ಲೇ ಕರಗಿಹೋಗುತ್ತಿತ್ತು. ಹಾಗಾಗಿ ಒಂದು ಪದರದಲ್ಲಿ ಮೊದಲ ಸಲ ಕಂಡಿತೆಂದು ಆಗಲೇ ಹುಟ್ಟಿತು ಎಂದು ನಾನು ಬರೆಯುವುದಿಲ್ಲ. ಅದರ ಕೆಳಗಿನ ಪದರದಲ್ಲಿ ಫಾಸ್ಫೇಟ್ ಇತ್ತೇ ಎಂದು ಮೊದಲು ನೋಡುತ್ತೇನೆ.