ದತ್ತು ಮಗುವಿಗಾಗಿ ಹೊರದೇಶದಲ್ಲಿ ಕಾಯುತ್ತಿರುವವರಿಗೆ

ಭಾರತದ ದತ್ತು ಅರ್ಜಿಗಳು ನಡೆಯುವ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನಮ್ಮ ಸರದಿ ಎಲ್ಲಿಗೆ ಬಂತು ಅಂತ ದಿನಾ ಕಾಫಿಗೂ ಮುಂಚೆ ನೋಡ್ತೀರಲ್ವಾ, ಅದನ್ನು ವಾರಕ್ಕೊಮ್ಮೆ ಮಾಡಿಕೊಳ್ಳಿ. ಇಮೇಲ್ ಮಾತ್ರ ತಪ್ಪದೆ ನೋಡಿ. ರೆಫರಲ್ (ಅಂದ್ರೆ ನಿಮಗೆ ಸೂಚಿಸಿದ ಮಗುವಿನ ಫೋಟೋ, ವಿವರ) ಬಂದ ಮೇಲೆ ಒಪ್ಪಲು ಸಿಗುವ ಸಮಯ ತುಂಬಾ ಕಡಿಮೆ. ಆದ್ದರಿಂದ ಮಗುವಿನ ವೈದ್ಯಕೀಯ ವರದಿ ಓದಿ ಹೇಳುವ ಮಕ್ಕಳ ಡಾಕ್ಟರ್ ಒಬ್ಬರನ್ನು ಈಗಲೇ ಮಾತಾಡಿಸಿಟ್ಟುಕೊಳ್ಳಿ.

ಒಪ್ಪಿದ ಮೇಲಿನ ಕಾಯುವಿಕೆಯೇ ಜಾಸ್ತಿ ಕಾಡೋದು. ಫೋಟೋ ಕೈಯಲ್ಲಿರುತ್ತೆ, ಮಗು ಇರಲ್ಲ. ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬರಬೇಕು, ಆಮೇಲೆ ದತ್ತು ಆದೇಶ (2022ರಿಂದ ಇದು ಕೋರ್ಟಲ್ಲ, ಜಿಲ್ಲಾಧಿಕಾರಿ ಕೈಯಲ್ಲಿದೆ), ಆಮೇಲೆ ಪಾಸ್‌ಪೋರ್ಟ್, ವೀಸಾ. ಎಲ್ಲ ಮುಗಿದ ಮೇಲೆ ಖುಷಿಪಡೋಣ ಅಂತ ಕೂರಬೇಡಿ. ಎನ್‌ಒಸಿ ಬಂದ ದಿನವೇ ಪಾಯಸ ಮಾಡಿ, ಊರಲ್ಲಿರುವ ಅಜ್ಜಿಗೂ ವಿಡಿಯೋ ಕಾಲ್‌ನಲ್ಲಿ ತೋರಿಸಿ.

ಮಗು ಒಡಿಶಾದ್ದೋ ಮಹಾರಾಷ್ಟ್ರದ್ದೋ ಆಗಿದ್ದರೆ ಆ ಭಾಷೆಯಲ್ಲಿ ನೀರು, ಊಟ, ನೋವು, ಹೆದರಬೇಡ ಅನ್ನೋದನ್ನಾದರೂ ಕಲಿತಿಡಿ. ಸುಮ್ನೆ ಚಿಂತೆ ಮಾಡುವ ರಾತ್ರಿಗಳಿಗೆ ಒಂದು ಕೆಲಸವೂ ಸಿಗುತ್ತೆ, ಮೊದಲ ವಾರ ನಿಜಕ್ಕೂ ಉಪಯೋಗಕ್ಕೂ ಬರುತ್ತೆ.

ದೇವರನ್ನು ನಂಬುವವರಾದರೆ, ದೀಪ ಹಚ್ಚುವಾಗ 'ಬೇಗ ಕೊಡಪ್ಪಾ' ಅನ್ನೋ ಬದಲು 'ಇವತ್ತು ಆ ಮಗು ಹೊಟ್ಟೆ ತುಂಬಾ ಉಂಡು ಮಲಗಲಿ' ಅಂತ ಕೇಳಿಕೊಳ್ಳಿ. ಫೈಲಿನ ಯೋಚನೆ ಹಿಂದೆ ಸರಿದು ಮಗು ಮುಂದೆ ಬರುತ್ತೆ.

ಹಾಂ, ಆದೇಶ ಬರುವ ತನಕ ಆ ಫೋಟೋ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಬೇಡ.